ವಾರದಲ್ಲಿ ಲೋಡು, ಭಾನುವಾರ ಬೆಟ್ಟ: ಸಣ್ಣ ಪಿಕಪ್ ಕೊಳ್ಳೋ ಮೊದಲು ತಿಳಿದಿರಬೇಕಾದ್ದು

ಚಿಕ್ಕಮಗಳೂರು: ಭಾನುವಾರ ಬೆಳಗ್ಗೆ ಗಿರಿ ರಸ್ತೆಯ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಬೆಂಗಳೂರಿನ ಕಾರುಗಳ ನಡುವೆ ನಮ್ಮ ಕಡೆಯ ಪಿಕಪ್‌ಗಳೂ ಕಾಣಿಸುತ್ತವೆ. ವಾರವೆಲ್ಲಾ ಕಾಫಿ ಮೂಟೆ, ಅಡಿಕೆ ಗೊನೆ, ಅಂಗಡಿ ಸಾಮಾನು ಹೊತ್ತ ಗಾಡಿ ಅವತ್ತು ಚಾಪೆ, ಪಾತ್ರೆ, ಮನೆಮಂದಿಯನ್ನು ಹೊತ್ತುಕೊಂಡು ಬೆಟ್ಟ ಹತ್ತುತ್ತದೆ. ಒಂದೇ ಗಾಡಿಯಲ್ಲಿ ಎರಡು ಕೆಲಸ ಆಗಲಿ ಅನ್ನೋದು ಸರಿಯಾದ ಲೆಕ್ಕವೇ. ಆದರೆ ಆ ಲೆಕ್ಕದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತಿದೆ.

ಶೋರೂಮಿಗೆ ಹೋದವರು ಮೊದಲು ಕೇಳೋದು "ಫೋರ್ ಬೈ ಫೋರ್ ಇದೆಯಾ? ಮೈಲೇಜ್ ಎಷ್ಟು?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ ಎರಡು ಪ್ರಶ್ನೆ ಬೇರೆ ಇವೆ. ಒಂದು, ಮನೆಯವರು ಎಲ್ಲಿ ಕೂರುತ್ತಾರೆ? ಎರಡು, ಗಾಡಿ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಇವೆರಡಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದದ್ದು ಸುಲಭ. ನಮ್ಮ ಜಿಲ್ಲೆಯ ರಸ್ತೆ, ಮಳೆ, ಕಾನೂನು ಗಮನದಲ್ಲಿಟ್ಟು ಒಂದೊಂದಾಗಿ ನೋಡೋಣ.

ಬಿಳಿ ಬೋರ್ಡಾ, ಹಳದಿ ಬೋರ್ಡಾ?

ನೋಡೋಕೆ ಎಲ್ಲಾ ಪಿಕಪ್ ಒಂದೇ ಥರ. ಮುಂದೆ ಕ್ಯಾಬಿನ್, ಹಿಂದೆ ತೆರೆದ ಬಾಡಿ. ಆದರೆ ಆರ್‌ಟಿಒ ಲೆಕ್ಕದಲ್ಲಿ ಎರಡು ಜಾತಿ ಇವೆ.

ಮೊದಲನೆಯದು ಗೂಡ್ಸ್ ವಾಹನ. ಮಹೀಂದ್ರಾ ಬೊಲೆರೋ ಪಿಕಪ್, ಬೊಲೆರೋ ಕ್ಯಾಂಪರ್, ಟಾಟಾ ಯೋಧ, ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿ ಇವೆಲ್ಲ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುತ್ತವೆ. ಬೋರ್ಡ್ ಹಳದಿ. ಎಫ್‌ಸಿ ಮಾಡಿಸಬೇಕು. ಗಾಡಿ ಎಂಟು ವರ್ಷದ್ದಾಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸ್ಪೀಡ್ ಗವರ್ನರ್ ಇರುವುದರಿಂದ 80 ಕಿ.ಮೀ. ಮೇಲೆ ಓಡುವುದಿಲ್ಲ. ಟೋಲ್‌ನಲ್ಲಿ ಲಘು ಸರಕು ವಾಹನದ ದರಕ್ಕೆ ಸೇರಿದ ಗಾಡಿಯಾದರೆ ಕಾರಿಗಿಂತ ಹೆಚ್ಚು ಕಟ್ಟಬೇಕು.

ಎರಡನೆಯದು ಖಾಸಗಿ ಬಳಕೆಗೆ ಅಂತಲೇ ಬರುವ ಪಿಕಪ್. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಈ ಗುಂಪಿನವು. ಬಿಳಿ ಬೋರ್ಡ್. ಕಾರಿನ ಹಾಗೆ 15 ವರ್ಷದ ನೋಂದಣಿ, ಕಾರಿನ ಹಾಗೆ ಇನ್ಶೂರೆನ್ಸ್. ಆದರೆ ರಾಜ್ಯದಲ್ಲಿ ಬೆಲೆ ಏರಿದಂತೆ ರಸ್ತೆ ತೆರಿಗೆಯ ಶೇಕಡಾವಾರು ಪ್ರಮಾಣವೂ ಏರುತ್ತದೆ. ಹಾಗಾಗಿ ಆನ್‌ರೋಡ್ ಬೆಲೆ ಕೇಳದೆ ಎಕ್ಸ್ ಶೋರೂಂ ಬೆಲೆ ನೋಡಿ ಬುಕ್ ಮಾಡಬೇಡಿ.

ಪರ್ಮಿಟ್ ವಿಚಾರದಲ್ಲಿ ಒಂದು ಅನುಕೂಲ ಇದೆ. ಒಟ್ಟು ತೂಕ 3000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಪರ್ಮಿಟ್ ಬೇಕಿಲ್ಲ. ಒಟ್ಟು ತೂಕ ಅಂದರೆ ಗಾಡಿಯ ತೂಕ ಮತ್ತು ಲೋಡ್ ಎರಡೂ ಸೇರಿ. ಆರ್‌ಸಿಯಲ್ಲಿ ನಮೂದಾಗಿರುತ್ತದೆ, ನೋಡಿಕೊಳ್ಳಿ.

ಲೈಸೆನ್ಸ್ ಬಗ್ಗೆಯೂ ಗೊಂದಲ ಇತ್ತು. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್‌ನಲ್ಲಿ ಹಳದಿ ಬೋರ್ಡ್ ಪಿಕಪ್ ಓಡಿಸಬಹುದಾ ಅಂತ. ಒಟ್ಟು ತೂಕ 7500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಅಪಾಯಕಾರಿ ಸರಕು ಸಾಗಿಸುವ ಗಾಡಿಯ ಮಾತು ಬೇರೆ.

ಹಿಂದಿನ ಬಾಡಿಯಲ್ಲಿ ಜನ: ಇಲ್ಲೇ ಇರೋದು ನಿಜವಾದ ಅಪಾಯ

ಮದುವೆ ದಿಬ್ಬಣ, ಜಾತ್ರೆ, ತೋಟದ ಕೆಲಸ, ಈಗ ಬೆಟ್ಟದ ಪ್ರವಾಸ. ಪಿಕಪ್‌ನ ಹಿಂದೆ ಜನ ನಿಂತುಕೊಂಡು ಹೋಗೋದು ನಮ್ಮಲ್ಲಿ ಎಷ್ಟು ಮಾಮೂಲಿ ಅಂದರೆ ಯಾರೂ ಅದನ್ನು ತಪ್ಪು ಅಂತಲೇ ಅಂದುಕೊಳ್ಳುವುದಿಲ್ಲ. "ಇಲ್ಲೇ ಹತ್ತಿರ, ನಿಧಾನಕ್ಕೆ ಹೋಗ್ತೀವಿ" ಅನ್ನೋದು ಎಲ್ಲರ ಮಾತು.

ಘಾಟಿಯಲ್ಲಿ ನಿಧಾನಕ್ಕೆ ಹೋದರೂ ಸಾಕಾಗುವುದಿಲ್ಲ. ಹಿಂದೆ ನಿಂತವರಿಗೆ ಸೀಟೂ ಇಲ್ಲ, ಬೆಲ್ಟೂ ಇಲ್ಲ. ಹತ್ತು ಜನ ನಿಂತರೆ ಗಾಡಿಯ ಭಾರವೆಲ್ಲ ಮೇಲಕ್ಕೆ ಏರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಪಲ್ಟಿಯಾದರೆ ಮೊದಲು ಹೊರಗೆ ಬೀಳುವವರು ಅವರೇ, ಗಾಡಿ ಬೀಳುವುದೂ ಅವರ ಮೇಲೆಯೇ.

ಆಮೇಲೆ ಇನ್ಶೂರೆನ್ಸ್. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಪ್ರಯಾಣಿಸಿದವರಿಗೆ ಪರಿಹಾರ ಕೊಡುವ ಹೊಣೆ ಕಾನೂನು ಪ್ರಕಾರ ವಿಮಾ ಕಂಪನಿಯದ್ದಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಗಾಡಿಯಲ್ಲಿರುವ ಸರಕಿನ ಮಾಲೀಕ ಅಥವಾ ಅವರ ಪ್ರತಿನಿಧಿಗೆ 1994ರ ತಿದ್ದುಪಡಿಯಿಂದ ರಕ್ಷಣೆ ಇದೆ. ಆದರೆ ಬೆಟ್ಟ ನೋಡಲು ಬಂದ ಭಾವ, ಅತ್ತಿಗೆ, ಪಕ್ಕದ ಮನೆಯ ಹುಡುಗ ಸರಕಿನ ಮಾಲೀಕರಲ್ಲ. ಏನಾದರೂ ಆದರೆ ಪರಿಹಾರದ ಹೊರೆ ಗಾಡಿ ಮಾಲೀಕರ ತಲೆಗೇ ಬರಬಹುದು. ಅಂಗಡಿ ನಡೆಸುವ ಕುಟುಂಬಕ್ಕೆ ಅದು ಅಂಗಡಿಯನ್ನೇ ಮಾರಬೇಕಾದಷ್ಟು ದೊಡ್ಡ ಮೊತ್ತ ಆಗಬಹುದು.

ಹಾಗಾದರೆ ಕ್ಯಾಂಪರ್ ಥರದ ಡಬಲ್ ಕ್ಯಾಬಿನ್ ಗಾಡಿಯಲ್ಲಿ ಒಳಗೆ ಸೀಟಿನ ಮೇಲೆ ಕೂತರೆ? ಹಿಂದೆ ನಿಲ್ಲೋದಕ್ಕಿಂತ ಎಷ್ಟೋ ಸುರಕ್ಷಿತ. ಆದರೂ ಬೋರ್ಡ್ ಹಳದಿಯೇ, ಗಾಡಿ ಗೂಡ್ಸ್ ವಾಹನವೇ. ಪಾಲಿಸಿ ಮಾಡಿಸುವಾಗಲೇ ಏಜೆಂಟರ ಹತ್ತಿರ ಮೂರು ವಿಷಯ ಬರಹದಲ್ಲಿ ಕೇಳಿ:

- ಡ್ರೈವರ್ ಬಿಟ್ಟು ಎಷ್ಟು ಜನಕ್ಕೆ ಕವರ್ ಇದೆ?
- ಬಾಡಿಗೆ ಕೊಡದೆ ಪ್ರಯಾಣಿಸುವವರ ಹೊಣೆಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಕವರ್ ಸೇರಿಸಬಹುದಾ?
- ಕ್ಲೀನರ್, ತೋಟದ ಕೆಲಸಗಾರರು ಈ ಪಾಲಿಸಿಯಲ್ಲಿ ಬರುತ್ತಾರಾ?

"ಎಲ್ಲಾ ಬರುತ್ತೆ ಸರ್" ಅನ್ನೋ ಮಾತಿಗೆ ಬೆಲೆ ಇಲ್ಲ. ಪಾಲಿಸಿ ಕಾಗದದಲ್ಲಿ ಸಾಲು ಇದೆಯಾ ಅಂತ ನೋಡಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು

ಅತಿಥಿಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗೋಕೆ ಅಂತ ಪಿಕಪ್ ನೋಡುತ್ತಿರುವ ಹೋಂಸ್ಟೇ ಮಾಲೀಕರು ಬಹಳ ಇದ್ದಾರೆ. ಬಿಳಿ ಬೋರ್ಡ್ ಗಾಡಿಯಲ್ಲಿ ದುಡ್ಡು ತೆಗೆದುಕೊಂಡು ಜನ ಕರೆದೊಯ್ಯುವುದು ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದ ಹಾಗೆ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ಕವರ್ ಇರುವುದಿಲ್ಲ. "ಟ್ರಿಪ್‌ಗೆ ಬೇರೆ ದುಡ್ಡು ತಗೊಳ್ಳಲ್ಲ, ರೂಂ ಬಾಡಿಗೆಯಲ್ಲೇ ಸೇರಿದೆ" ಅಂದರೂ ಕ್ಲೇಮ್ ಹೊತ್ತಿನಲ್ಲಿ ಕಂಪನಿ ಅದನ್ನು ಬಾಡಿಗೆ ಅಂತಲೇ ವಾದಿಸಬಹುದು. ಹಳದಿ ಬೋರ್ಡ್ ಗೂಡ್ಸ್ ಪಿಕಪ್ ಕೂಡ ಜನ ಸಾಗಿಸಲು ಅಲ್ಲ.

ಅತಿಥಿಗಳಿಗೆ ಗಾಡಿ ಬೇಕಿದ್ದರೆ ಪ್ರಯಾಣಿಕರ ಟ್ಯಾಕ್ಸಿ ಪರ್ಮಿಟ್ ಇರುವ ಜೀಪ್ ಮಾಲೀಕರ ಜತೆ ಮಾತಾಡಿಕೊಳ್ಳಿ. ಕಳಸ ಸಮೀಪದ ಕ್ಯಾತನಮಕ್ಕಿಯಂಥ ಕಡೆ ಕೊನೆಯ ದಾರಿ ಗೊತ್ತಿರೋದು ಸ್ಥಳೀಯ ಜೀಪ್ ಚಾಲಕರಿಗೇ. ಹೆಬ್ಬೆ ಜಲಪಾತಕ್ಕೂ ಅಲ್ಲಿನ ಜೀಪ್‌ನಲ್ಲೇ ಹೋಗಿಬರೋದು ವಾಡಿಕೆ. ಅವರ ಹೊಟ್ಟೆಪಾಡೂ ನಡೆಯುತ್ತದೆ, ನಿಮ್ಮ ತಲೆನೋವೂ ತಪ್ಪುತ್ತದೆ. ಪಿಕಪ್ ಅನ್ನು ತರಕಾರಿ, ಗ್ಯಾಸ್, ಹಾಸಿಗೆ ತರೋಕೆ ಇಟ್ಟುಕೊಳ್ಳಿ.

ಸಣ್ಣದು ಅಂದರೆ ಎಷ್ಟು ಸಣ್ಣದು?

ಟಾಟಾ ಏಸ್, ಸೂಪರ್ ಕ್ಯಾರಿ ಎರಡೂ 3.8 ಮೀಟರ್ ಉದ್ದದವು. ಪೇಟೆ ಬೀದಿಯಲ್ಲಿ ಅಂಗಡಿ ಮುಂದೆ ನಿಲ್ಲಿಸೋಕೆ ಇದಕ್ಕಿಂತ ಸುಲಭದ ಗಾಡಿ ಇಲ್ಲ. ಆದರೆ ಕ್ಯಾಬಿನ್‌ನಲ್ಲಿ ಇಬ್ಬರಿಗೆ ಮಾತ್ರ ಜಾಗ, ಚಕ್ರವೂ ಚಿಕ್ಕದು. ಇಬ್ಬರು ಹೋಗಿ ಟಾರು ರಸ್ತೆ ಮುಗಿಯುವಲ್ಲಿ ಟೆಂಟ್ ಹಾಕಿಕೊಂಡು ಬರೋಕೆ ಸಾಕು. ಕಲ್ಲು ದಾರಿಗೆ ಇಳಿಸಬೇಡಿ.

ಬೊಲೆರೋ ಕ್ಯಾಂಪರ್ ಸುಮಾರು 4.85 ಮೀಟರ್. ವಿ-ಕ್ರಾಸ್ ಮತ್ತು ಹೈಲಕ್ಸ್ 5.3 ಮೀಟರ್ ಹತ್ತಿರ, ಅಗಲ 1.86 ಮೀಟರ್ ಆಸುಪಾಸು. ಕಾಗದದ ಮೇಲೆ ಅರ್ಧ ಮೀಟರ್ ಏನು ಮಹಾ ಅನ್ನಿಸಬಹುದು. ಮುಳ್ಳಯ್ಯನಗಿರಿ ದಾರಿಯಲ್ಲಿ ಎದುರಿಗೆ ಕಾರು ಬಂದು, ಪಕ್ಕದಲ್ಲಿ ಪ್ರಪಾತ ಇದ್ದಾಗ ಆ ಅರ್ಧ ಮೀಟರ್ ಗೊತ್ತಾಗುತ್ತದೆ. ತೋಟದ ಗೇಟು, ಮನೆ ಮುಂದಿನ ಶೆಡ್ಡು, ಅಂಗಡಿ ಪಕ್ಕದ ಓಣಿ ಮೂರನ್ನೂ ಟೇಪ್ ಹಿಡಿದು ಅಳತೆ ಮಾಡಿಕೊಂಡೇ ಶೋರೂಮಿಗೆ ಹೋಗಿ. ಟೆಸ್ಟ್ ಡ್ರೈವ್ ಅನ್ನು ಬೈಪಾಸ್‌ನಲ್ಲಿ ಮಾಡಬೇಡಿ, ನಿಮ್ಮ ಮನೆ ದಾರಿಯಲ್ಲೇ ಮಾಡಿಸಿ.

ಫೋರ್ ಬೈ ಫೋರ್ ನಿಜಕ್ಕೂ ಬೇಕಾ?

ಇಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ದೇವರಮನೆ ಈ ಜಾಗಗಳಿಗೆ ಸಾಮಾನ್ಯ ಕಾರುಗಳೇ ಹೋಗುತ್ತವೆ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರ ನಿಜ. ಆದರೆ ರಸ್ತೆ ಇರುವ ತನಕ ಟೂ ವೀಲ್ ಡ್ರೈವ್ ಸಾಕು.

ಫೋರ್ ಬೈ ಫೋರ್ ಬೇಕಾಗೋದು ಎರಡು ಕಡೆ. ಮಳೆಗಾಲದಲ್ಲಿ ತೋಟದೊಳಗಿನ ಕೆಂಪು ಮಣ್ಣಿನ ಏರು, ಮತ್ತು ಕಲ್ಲು ಕಿತ್ತುಹೋದ ಕಡಿದಾದ ದಾರಿ. ನಿಮ್ಮ ಮನೆಗೋ ತೋಟಕ್ಕೋ ಇಂಥ ದಾರಿ ಇದ್ದರೆ ದುಡ್ಡು ಹಾಕಿ. ವರ್ಷಕ್ಕೆರಡು ಸಲ ಬೆಟ್ಟಕ್ಕೆ ಹೋಗೋಕೆ ಮಾತ್ರ ಅಂದರೆ ಅದೇ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ, ಉಳಿದದ್ದು ಡೀಸೆಲ್‌ಗೆ ಇಟ್ಟುಕೊಳ್ಳಿ.

ಫೋರ್ ಬೈ ಫೋರ್ ತಗೊಂಡವರು ಅದನ್ನು ಬಳಸುವ ರೀತಿ ತಿಳಿದಿರಬೇಕು. ಕ್ಯಾಂಪರ್, ವಿ-ಕ್ರಾಸ್, ಹೈಲಕ್ಸ್ ಎಲ್ಲದರಲ್ಲೂ ಇರೋದು ಬೇಕಾದಾಗ ಹಾಕಿಕೊಳ್ಳುವ ಬಗೆ. ಒಣ ಟಾರು ರಸ್ತೆಯಲ್ಲಿ ಫೋರ್ ಬೈ ಫೋರ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು. ಎರಡೂ ಆಕ್ಸಲ್ ಒಂದಕ್ಕೊಂದು ಕಚ್ಚಿಕೊಂಡಿರುವಾಗ ಅದು ಆಗುವುದಿಲ್ಲ. ಸ್ಟೇರಿಂಗ್ ಬಿಗಿಯುತ್ತದೆ, ಗೇರ್‌ಬಾಕ್ಸ್ ಮೇಲೆ ಒತ್ತಡ ಬೀಳುತ್ತದೆ. ಕೆಸರು, ಸಡಿಲ ಮಣ್ಣು, ಜಾರುವ ಹುಲ್ಲಿನ ಮೇಲೆ ಮಾತ್ರ ಹಾಕಿ.

ಫೋರ್ ಲೋ ಹತ್ತೋದಕ್ಕಿಂತ ಇಳಿಯೋಕೆ ಹೆಚ್ಚು ಉಪಯೋಗ. ಫಸ್ಟ್ ಗೇರ್‌ನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಕಾಯುವುದಿಲ್ಲ.

ಖಾಲಿ ಪಿಕಪ್ ಯಾಕೆ ಜಾರುತ್ತೆ?

ಪಿಕಪ್‌ನ ಹಿಂದಿನ ಬ್ಲೇಡ್ ಸೆಟ್ ಲೋಡ್ ಹೊರೋಕೆ ಮಾಡಿದ್ದು. ಖಾಲಿ ಇದ್ದಾಗ ಹಿಂಭಾಗ ಹಗುರ, ಹೊಂಡಕ್ಕೆ ಬಿದ್ದರೆ ಕುಪ್ಪಳಿಸುತ್ತದೆ. ಹೆಚ್ಚಿನ ಪಿಕಪ್‌ಗಳಲ್ಲಿ ಇಂಜಿನ್ ಶಕ್ತಿ ಹೋಗೋದು ಆ ಹಗುರವಾದ ಹಿಂದಿನ ಚಕ್ರಕ್ಕೇ. ಮಳೆಯಲ್ಲಿ ಚಾರ್ಮಾಡಿ ತಿರುವಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಗಾಡಿ ಪಕ್ಕಕ್ಕೆ ಸರಿಯುವುದು ಇದೇ ಕಾರಣಕ್ಕೆ. ಕಾರು ಓಡಿಸಿ ಅಭ್ಯಾಸ ಇದ್ದವರಿಗೆ ಇದು ಹೊಸದು.

ಪರಿಹಾರ ಸರಳ. ಮಳೆಗಾಲದಲ್ಲಿ ಖಾಲಿ ಹೋಗುವಾಗ ಎರಡು ಮೂರು ಮರಳಿನ ಚೀಲ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಇಟ್ಟು ಹಗ್ಗದಿಂದ ಬಿಗಿಯಿರಿ. ಕಟ್ಟದೆ ಇಟ್ಟರೆ ಬ್ರೇಕ್ ಹಾಕಿದಾಗ ಅದೇ ಮುಂದಕ್ಕೆ ಬಂದು ಕ್ಯಾಬಿನ್‌ಗೆ ಹೊಡೆಯುತ್ತದೆ. ಪ್ರವಾಸದ ಸಾಮಾನಿಗೂ ಇದೇ ನಿಯಮ: ಭಾರದ್ದು ಕೆಳಗೆ, ಕ್ಯಾಬಿನ್ ಹತ್ತಿರ. ಹಗುರದ್ದು ಮೇಲೆ.

ಟೈರ್ ವಿಷಯಕ್ಕೆ ಬಂದರೆ, ಹೈವೇ ಟೈರ್ ಟಾರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಕೆಸರಲ್ಲಿ ಸೋಲುತ್ತದೆ. ಆಲ್ ಟೆರೈನ್ ಟೈರ್ ಎರಡಕ್ಕೂ ಮಧ್ಯದ್ದು, ನಮ್ಮ ಕಡೆಗೆ ಹೊಂದುತ್ತದೆ. ಕೆಸರಿನ ದಪ್ಪ ಹಲ್ಲಿನ ಟೈರ್ ನೋಡೋಕೆ ಚೆಂದ, ಒದ್ದೆ ಟಾರಿನ ಮೇಲೆ ಹಿಡಿತ ಕಡಿಮೆ. ವಾರದಲ್ಲಿ ಐದು ದಿನ ಪೇಟೆಯಲ್ಲಿ ಓಡುವ ಗಾಡಿಗೆ ಬೇಡ. ಕೆಸರಲ್ಲಿ ಸಿಕ್ಕಿಕೊಂಡಾಗ ಲೋಡ್ ಇಳಿಸಿ, ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಹಿಡಿತ ಸಿಗುತ್ತದೆ. ಆದರೆ ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಹಾಗಾಗಿ ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಸಣ್ಣ ಪಂಪ್ ಗಾಡಿಯಲ್ಲೇ ಇರಲಿ.

ಯಾವ ಗಾಡಿ ಯಾರಿಗೆ?

ಬೊಲೆರೋ ಕ್ಯಾಂಪರ್: ಐದು ಸೀಟು, ಹಿಂದೆ ಸುಮಾರು ಒಂದು ಟನ್ ಲೋಡ್. 2.5 ಲೀಟರ್ ಡೀಸೆಲ್, 75 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕ್. ಫೋರ್ ಬೈ ಫೋರ್ ಮಾದರಿಯೂ ಇದೆ. ವೇಗ ಇಲ್ಲ, ಕ್ಯಾಬಿನ್‌ನಲ್ಲಿ ಸದ್ದು ಜಾಸ್ತಿ, ಉದ್ದ ಪ್ರಯಾಣದಲ್ಲಿ ಹಿಂದಿನ ಸೀಟಿನವರಿಗೆ ಸೊಂಟ ನೋವು ಗ್ಯಾರಂಟಿ. ಆದರೆ ಬೊಲೆರೋ ಬಿಚ್ಚಿ ಜೋಡಿಸದ ಮೆಕ್ಯಾನಿಕ್ ನಮ್ಮ ಜಿಲ್ಲೆಯಲ್ಲಿ ಸಿಗೋದು ಕಷ್ಟ. ಲೋಡು ಮೊದಲು, ಬೆಟ್ಟ ಆಮೇಲೆ ಅನ್ನುವವರಿಗೆ ಇದು. ಬೋರ್ಡ್ ಮತ್ತು ಪಾಲಿಸಿ ವಿಚಾರ ಮೇಲೆ ಹೇಳಿದ್ದು ನೆನಪಿರಲಿ.

ಟಾಟಾ ಯೋಧ: 2.2 ಲೀಟರ್ ಡೀಸೆಲ್, 100 ಅಶ್ವಶಕ್ತಿ, 250 ನ್ಯೂಟನ್ ಮೀಟರ್. ಕ್ಯಾಂಪರ್‌ಗಿಂತ ಎಳೆಯುವ ಶಕ್ತಿ ಹೆಚ್ಚು. 2022ರಲ್ಲಿ ಬಂದ ಯೋಧ 2.0 ಎರಡು ಟನ್ ಹೊರುತ್ತದೆ. ಸಿಂಗಲ್ ಕ್ಯಾಬ್, ಕ್ರೂ ಕ್ಯಾಬ್, ಫೋರ್ ಬೈ ಫೋರ್ ಹೀಗೆ ಬೇರೆ ಬೇರೆ ಆಯ್ಕೆ ಇವೆ. ನಿಮಗೆ ಬೇಕಾದ ಜೋಡಿ ಡೀಲರ್ ಹತ್ತಿರ ಯಾವಾಗ ಸಿಗುತ್ತೆ ಅಂತ ಕೇಳಿ. ಮೆಣಸು, ಅಡಿಕೆ, ಸಿಮೆಂಟ್, ಗೊಬ್ಬರದ ವ್ಯಾಪಾರ ಇದ್ದವರು ನೋಡಬಹುದು.

ಇಸುಜು ವಿ-ಕ್ರಾಸ್: ದೇಶದಲ್ಲಿ 2016ರಿಂದ ಇದೆ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. ಈಗಿನ ಇಂಜಿನ್ 1.9 ಲೀಟರ್, 163 ಅಶ್ವಶಕ್ತಿ, 360 ನ್ಯೂಟನ್ ಮೀಟರ್. ಬಿಳಿ ಬೋರ್ಡ್, ಐದು ಜನ ಆರಾಮಾಗಿ ಕೂರಬಹುದು. ಬೆಂಗಳೂರಿಗೆ ಹೋಗಿಬರೋಕೂ ಆಗುತ್ತೆ, ತೋಟಕ್ಕೂ ಇಳಿಯುತ್ತೆ. ಬೆಲೆ ಮಾತ್ರ ಕ್ಯಾಂಪರ್‌ನ ಎರಡು ಪಟ್ಟಿಗೂ ಮೀರಿದ್ದು. ಸರ್ವಿಸ್ ಸೆಂಟರ್ ಹೆಚ್ಚಾಗಿರೋದು ದೊಡ್ಡ ನಗರಗಳಲ್ಲಿ. ಇದೇ ಕಂಪನಿಯ ಎಸ್-ಕ್ಯಾಬ್ ಕಮರ್ಷಿಯಲ್ ಮಾದರಿ. ಹೆಸರು, ರೂಪ ನೋಡಿ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಟೊಯೋಟಾ ಹೈಲಕ್ಸ್: 2022ರಲ್ಲಿ ಇಲ್ಲಿಗೆ ಬಂತು. 2.8 ಲೀಟರ್ ಡೀಸೆಲ್, 204 ಅಶ್ವಶಕ್ತಿ. ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್, ಮ್ಯಾನುಯಲ್‌ನಲ್ಲಿ 420. ಹಿಂದಿನ ಡಿಫರೆನ್ಷಿಯಲ್ ಲಾಕ್ ಇದೆ, ಕಂಪನಿ ಲೆಕ್ಕದಲ್ಲಿ 700 ಎಂ.ಎಂ. ನೀರು ದಾಟಬಲ್ಲದು. ಗಾಡಿ ಗಟ್ಟಿ, ಅನುಮಾನ ಇಲ್ಲ. ಆದರೆ ಸಣ್ಣದೂ ಅಲ್ಲ, ಅಗ್ಗವೂ ಅಲ್ಲ. ದಿನಾ ಮೂಟೆ ಎಸೆದು ಗೀರು ಬಿದ್ದರೆ ಹೊಟ್ಟೆ ಉರಿಯುವಷ್ಟು ದುಬಾರಿ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ದುಬಾರಿ ಪಿಕಪ್ ಅಂದ ಮಾತ್ರಕ್ಕೆ ಹೆಚ್ಚು ಲೋಡ್ ಹೊರುತ್ತೆ ಅಂತಲ್ಲ. ಖಾಸಗಿ ಬಳಕೆಯ ಪಿಕಪ್‌ಗೆ ಅನುಮತಿ ಇರುವ ಲೋಡ್ ಕಮರ್ಷಿಯಲ್ ಗಾಡಿಗಿಂತ ತುಂಬಾ ಕಡಿಮೆ. ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ, ಖಾಲಿ ಗಾಡಿಯ ತೂಕ ಮತ್ತು ಒಟ್ಟು ತೂಕ. ಒಂದರಿಂದ ಒಂದನ್ನು ಕಳೆಯಿರಿ. ಉಳಿದದ್ದರಲ್ಲೇ ಜನವೂ ಬರಬೇಕು, ಸಾಮಾನೂ ಬರಬೇಕು. ತಲಾ 65 ಕೆ.ಜಿ.ಯಂತೆ ಐವರು ಅಂದರೆ 325 ಕೆ.ಜಿ. ಅದರ ಮೇಲೆ 40 ಲೀಟರ್ ನೀರು, ಟೆಂಟು, ಪಾತ್ರೆ, ಸ್ಟವ್ ಸೇರಿದರೆ ನಾಲ್ಕು ಕ್ವಿಂಟಲ್ ದಾಟುತ್ತದೆ.

ನಂಬಿಕೆಯ ಗಾಡಿ ಅಂದರೆ ಹತ್ತಿರದ ಗ್ಯಾರೇಜ್

ಕೆಡದ ಗಾಡಿ ಯಾವುದೂ ಇಲ್ಲ. ಕೆಟ್ಟಾಗ ಎಷ್ಟು ದಿನ ನಿಲ್ಲುತ್ತೆ ಅನ್ನೋದೇ ಲೆಕ್ಕ. ಕೊಯ್ಲಿನ ಹೊತ್ತಿನಲ್ಲಿ ಒಂದು ಪಾರ್ಟ್‌ಗಾಗಿ ಗಾಡಿ ಹತ್ತು ದಿನ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನಿಂತರೆ ಆಗುವ ನಷ್ಟ ಯಾವ ಮೈಲೇಜ್‌ನಿಂದಲೂ ತುಂಬುವುದಿಲ್ಲ. ಬುಕ್ ಮಾಡುವ ಮೊದಲು ನಿಮ್ಮ ತಾಲೂಕಿನ ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಫಿಲ್ಟರ್, ಬ್ಲೇಡ್ ಸೆಟ್ ಇಲ್ಲೇ ಸಿಗುತ್ತಾ? ಇಲ್ಲಿ ಸಿಗದಿದ್ದರೆ ಎಷ್ಟು ದಿನ? ಅದೇ ಗಾಡಿ ಇಟ್ಟುಕೊಂಡಿರುವ ಒಬ್ಬರನ್ನೂ ಮಾತಾಡಿಸಿ.

ಡೀಸೆಲ್ ಗಾಡಿ ಕೊಳ್ಳುವ ಅಂಗಡಿಯವರಿಗೆ ಇನ್ನೊಂದು ಎಚ್ಚರಿಕೆ. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಅಂತಾರೆ. ಗಾಡಿ ಸ್ವಲ್ಪ ದೂರ ಒಂದೇ ಸಮ ಓಡಿದಾಗ ಅದು ಬಿಸಿಯಾಗಿ ಮಸಿ ಸುಟ್ಟುಕೊಳ್ಳುತ್ತದೆ. ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ಅಂಗಡಿಯಿಂದ ಗೋದಾಮಿಗೆ ಒಂದು, ಹೀಗೇ ಓಡಿದರೆ ಫಿಲ್ಟರ್ ಕಟ್ಟಿಕೊಂಡು ಲೈಟ್ ಬರುತ್ತದೆ. ಲೈಟ್ ಬಂದಾಗ ಮ್ಯಾನುಯಲ್‌ನಲ್ಲಿ ಹೇಳಿದಂತೆ ಹೈವೇಯಲ್ಲಿ ಓಡಿಸಿ ಬನ್ನಿ. ಬಿಟ್ಟರೆ ಖರ್ಚು ದೊಡ್ಡದು. ಬರೀ ಪೇಟೆಯೊಳಗಿನ ಓಡಾಟ ಇರುವವರು ಪೆಟ್ರೋಲ್ ಅಥವಾ ಸಿಎನ್‌ಜಿ ಸಣ್ಣ ಗಾಡಿ ತಗೊಂಡು, ಬೆಟ್ಟಕ್ಕೆ ಬೇಕಾದಾಗ ಬಾಡಿಗೆ ಜೀಪ್ ಮಾಡಿದರೆ ಲಾಭ.

ಸೆಕೆಂಡ್ ಹ್ಯಾಂಡ್ ನೋಡುವವರು

ಹಳೆ ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಝೆನಾನ್ ಆಗಾಗ ಮಾರಾಟಕ್ಕೆ ಬರುತ್ತವೆ. ಎರಡೂ ಈಗ ಉತ್ಪಾದನೆಯಲ್ಲಿಲ್ಲ. ಬಾಡಿ ಪಾರ್ಟ್‌ಗಳಿಗೆ ಹುಡುಕಾಡಬೇಕಾದೀತು.

- ಗಾಡಿ ಕೆಳಗೆ ಮಲಗಿ ಚಾಸಿ ನೋಡಿ. ಕರಾವಳಿಯಲ್ಲಿ ಓಡಿದ್ದಾದರೆ ತುಕ್ಕು ಹೆಚ್ಚು. ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಅನುಮಾನಪಡಿ.
- ಬ್ಲೇಡ್ ಒಡೆದಿದೆಯಾ, ಡಿಫರೆನ್ಷಿಯಲ್‌ನಿಂದ ಆಯಿಲ್ ಜಿನುಗುತ್ತಿದೆಯಾ ನೋಡಿ.
- ಫೋರ್ ಬೈ ಫೋರ್ ಇದ್ದರೆ ಮಣ್ಣಿನ ಮೇಲೆ ಹಾಕಿ ತೋರಿಸಲು ಹೇಳಿ. ವರ್ಷಗಟ್ಟಲೆ ಬಳಸದೆ ಜಾಮ್ ಆಗಿರುತ್ತದೆ.
- ಟೈರ್ ಪಕ್ಕದ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 3519 ಅಂದರೆ 2019ರ 35ನೇ ವಾರದ್ದು. ಹಲ್ಲು ಇದ್ದರೂ ಹಳೆ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.
- ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಸಾಲದ ನಮೂದು, ಬಾಕಿ ದಂಡ ನೋಡಿ. ಹಣ ಕೊಡೋದು ಆಮೇಲೆ.

ಆಲ್ಟರೇಷನ್ ಮಾಡಿಸುವ ಮುನ್ನ

ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸುವುದು ಫ್ಯಾಷನ್ ಆಗಿದೆ. ಇಂಥ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಎದುರಿಗೆ ಬರುವ ಪಾದಚಾರಿಗೆ ಅದು ಮಾರಕ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳದಿರುವ ಅಪಾಯವೂ ಇದೆ. ಗಾಡಿ ಎತ್ತರ ಮಾಡಿಸುವುದು, ಹಿಂದಿನ ಬಾಡಿಗೆ ಸೀಟು ಕೂರಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಹಿಂದೆ ಟಾಪ್ ಕಟ್ಟಿಸುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಟಾರ್ಪಾಲ್, ಹಗ್ಗ, ಬಿಚ್ಚಿ ಇಡಬಹುದಾದ ಟೆಂಟ್ ಇವಕ್ಕೆ ಯಾವ ತಕರಾರೂ ಇಲ್ಲ, ಖರ್ಚೂ ಕಡಿಮೆ.

ಗಾಡಿ ಇದೆ ಅಂತ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ

ನಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಬಹುಪಾಲು ಅರಣ್ಯ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಎರಡೂ ಇಲ್ಲಿವೆ. ಅನುಮತಿ ಇಲ್ಲದೆ ಕಾಡಿನೊಳಗೆ ಗಾಡಿ ಇಳಿಸುವುದು, ಬೆಂಕಿ ಹಾಕುವುದು, ಟೆಂಟ್ ಹೊಡೆಯುವುದು ಅಪರಾಧ. ಗಾಡಿ ಜಪ್ತಿಯಾದರೆ ವಾರದ ವ್ಯಾಪಾರವೂ ಅದರ ಜತೆ ನಿಲ್ಲುತ್ತದೆ. ಶೋಲಾ ಹುಲ್ಲುಗಾವಲಿನ ಮೇಲೆ ಚಕ್ರ ಹರಿದ ಗುರುತಿನಲ್ಲೇ ಮಳೆ ನೀರು ಹರಿದು ಕೊರಕಲು ಬೀಳುತ್ತದೆ. ಕೆಳಗಿನ ಹಳ್ಳಗಳಿಗೆ ನೀರು ಬರೋದು ಅದೇ ಹುಲ್ಲುಗಾವಲಿನಿಂದ. ಟೆಂಟ್ ಹಾಕುವ ಆಸೆ ಇದ್ದರೆ ಪರಿಚಯದವರ ತೋಟದಲ್ಲಿ ಕೇಳಿ ಹಾಕಿ.

ಹೊರಡುವ ಹಿಂದಿನ ದಿನ ಮೂರು ವಿಚಾರಿಸಿ. ಗಿರಿ ಪ್ರದೇಶಕ್ಕೆ ವಾಹನ ಮಿತಿ, ಮುಂಗಡ ನೋಂದಣಿ ಇದೆಯಾ? ಚಾರ್ಮಾಡಿ ತೆರೆದಿದೆಯಾ? ಕಾಡಿನ ಚೆಕ್‌ಪೋಸ್ಟ್ ಎಷ್ಟು ಹೊತ್ತಿಗೆ ಮುಚ್ಚುತ್ತೆ? 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ಯಾರಿಗೂ ಮರೆತಿಲ್ಲ. ಯಾವ ಫೋರ್ ಬೈ ಫೋರ್ ಕೂಡ ಕುಸಿದ ಗುಡ್ಡ ದಾಟುವುದಿಲ್ಲ.

ಇಳಿಜಾರಿನಲ್ಲಿ ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಬೇಡಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಅರ್ಧ ಗಂಟೆ ಬಿಡಿ. ಕೊಟ್ಟಿಗೆಹಾರದ ನೀರುದೋಸೆ ಇರೋದೇ ಅದಕ್ಕೆ.

ಅಡ್ವಾನ್ಸ್ ಕೊಡುವ ಮೊದಲು, ಒಂದು ಚೀಟಿಯಲ್ಲಿ

1. ಮನೆಯವರು ಎಷ್ಟು ಜನ? ಎಲ್ಲರಿಗೂ ಕ್ಯಾಬಿನ್‌ನಲ್ಲಿ ಬೆಲ್ಟ್ ಇರುವ ಸೀಟು ಇದೆಯಾ?
2. ವಾರಕ್ಕೆ ಎಷ್ಟು ದಿನ ಲೋಡು, ಎಷ್ಟು ಕ್ವಿಂಟಲ್?
3. ಬಿಳಿ ಬೋರ್ಡಾ, ಹಳದಿಯಾ? ಪಾಲಿಸಿಯಲ್ಲಿ ಯಾರ್ಯಾರಿಗೆ ಕವರ್?
4. ಶೆಡ್ಡು, ಗೇಟು, ಓಣಿ ಅಳತೆಗೆ ಹೊಂದುತ್ತಾ?
5. ತಾಲೂಕಿನಲ್ಲೇ ರಿಪೇರಿ ಆಗುತ್ತಾ? ಪಾರ್ಟ್ ಎಷ್ಟು ದಿನಕ್ಕೆ?
6. ವರ್ಷದಲ್ಲಿ ಎಷ್ಟು ದಿನ ಫೋರ್ ಬೈ ಫೋರ್ ಬೇಕಾಗುತ್ತೆ?
7. ಏರ್‌ಬ್ಯಾಗ್ ಎಷ್ಟು, ಎಬಿಎಸ್ ಇದೆಯಾ?
8. ಆನ್‌ರೋಡ್ ಬೆಲೆ, ಇಎಂಐ, ಎಫ್‌ಸಿ, ಇನ್ಶೂರೆನ್ಸ್ ಸೇರಿ ತಿಂಗಳಿಗೆ ಎಷ್ಟು ಬೀಳುತ್ತೆ?

ಮೊದಲ ಪ್ರಶ್ನೆಗೆ "ಒಂದಿಬ್ಬರು ಹಿಂದೆ ನಿಲ್ಲುತ್ತಾರೆ ಬಿಡಿ" ಅನ್ನೋ ಉತ್ತರ ಬಂದರೆ ಆ ಗಾಡಿ ನಿಮ್ಮದಲ್ಲ. ದೊಡ್ಡ ಕ್ಯಾಬಿನ್‌ನ ಗಾಡಿ ನೋಡಿ, ಇಲ್ಲವೇ ಲೋಡಿಗೆ ಸಣ್ಣ ಪಿಕಪ್ ಇಟ್ಟುಕೊಂಡು ಬೆಟ್ಟಕ್ಕೆ ಬಾಡಿಗೆ ಜೀಪ್ ಮಾಡಿ.